ಒಂದು ಮೀಟರ್ ಕೋಲು, ಎರಡು ಶಾಲೆ: ಜತ್ತದ ಸರ್ ಜೊತೆ ಸೇರಿ ಆನ್‌ಲೈನ್ ವಿಜ್ಞಾನ ಪಾಠ, ಸಲಹೆ ಬೇಕು

ಕುಂಬಳೆ ಟೀಚರ್
ಜನವರಿ 8, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ಕುಂಬಳೆ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಫಿಸಿಕ್ಸ್, ಕೆಮಿಸ್ಟ್ರಿ ಕಲಿಸುತ್ತೇನೆ. ಒಂದು ಆನ್‌ಲೈನ್ ತರಬೇತಿಯಲ್ಲಿ ಮಹಾರಾಷ್ಟ್ರದ ಜತ್ತ ತಾಲೂಕಿನ ಒಬ್ಬರು ಸರ್ ಪರಿಚಯವಾದರು. ಅವರೂ ಕನ್ನಡ ಮಾಧ್ಯಮ, ಅವರೂ ವಿಜ್ಞಾನ. ನಮ್ಮದು ಕೇರಳದ ಎಸ್‌ಸಿಇಆರ್‌ಟಿ ಪುಸ್ತಕ, ಅವರದು ಬಾಲಭಾರತಿಯ ಕನ್ನಡ ಪುಸ್ತಕ. ಇಬ್ಬರ ಸಂಕಟ ಒಂದೇ. ಕರ್ನಾಟಕದ ವಿಡಿಯೋಗಳು ನಮ್ಮ ಪುಸ್ತಕಕ್ಕೆ ಹೊಂದುವುದಿಲ್ಲ, ನಮ್ಮ ರಾಜ್ಯದ ವಿಡಿಯೋಗಳಲ್ಲಿ ಜಾಸ್ತಿ ಮಲಯಾಳದಲ್ಲೋ ಮರಾಠಿಯಲ್ಲೋ ಇರುತ್ತವೆ. 2020ರಲ್ಲಿ ಕೇರಳದ ಶಿಕ್ಷಣ ಚಾನೆಲ್ ಕೈಟ್ ವಿಕ್ಟರ್ಸ್‌ನಲ್ಲಿ ಫಸ್ಟ್ ಬೆಲ್ ಅನ್ನುವ ಪಾಠಗಳು ಶುರುವಾದ ಮೇಲೆ ಕನ್ನಡ ಮಾಧ್ಯಮಕ್ಕೂ ಪಾಠಗಳು ಬಂದವು, ದೊಡ್ಡ ಉಪಕಾರವೇ ಆಯಿತು. ಆದರೆ ಅಲ್ಲಿ ಮಕ್ಕಳಿಗೆ ನೋಡುವ ಕೆಲಸ ಮಾತ್ರ.

ಹಾಗಾಗಿ ಇಬ್ಬರೂ ಸೇರಿ ಒಂದು ಪಾಠ ಮಾಡೋಣ ಅಂದುಕೊಂಡೆವು. ಅರ್ಧ ಸ್ಲೈಡ್ ನೀವು, ಅರ್ಧ ನಾನು, ಧ್ವನಿ ಯಾರಾದರೂ ಒಬ್ಬರದ್ದು. ಎಲ್ಲರೂ ಮಾಡುವುದು ಹಾಗೇ ಅಲ್ವಾ. ಅದಕ್ಕೆ ಇಬ್ಬರು ಯಾಕೆ ಬೇಕು ಅಂತ ಸರ್ ಕೇಳಿದರು. ಸರಿಯಾದ ಪ್ರಶ್ನೆ. ಒಬ್ಬರೇ ಸ್ವಲ್ಪ ಹೆಚ್ಚು ಹೊತ್ತು ಕೂತರೆ ಮುಗಿಯುವ ಕೆಲಸ ಅದು. ಇಬ್ಬರಿದ್ದರೆ ಮಾತ್ರ ಆಗುವ ಪಾಠ ಯಾವುದು ಅಂತ ಹುಡುಕಲು ಹೊರಟೆವು. ಆಗ ಅವರು ನಕ್ಷೆ ತೋರಿಸಿದರು. ಕುಂಬಳೆ ಹತ್ತಿರ ಹತ್ತಿರ 75 ಡಿಗ್ರಿ ರೇಖಾಂಶದಲ್ಲಿದೆ, ಜತ್ತ 75.2ರಲ್ಲಿ. ಅಂದರೆ ಜತ್ತ ನಮಗೆ ಹೆಚ್ಚುಕಮ್ಮಿ ನೇರ ಉತ್ತರಕ್ಕೆ! ಅಕ್ಷಾಂಶ ನಮ್ಮದು 12.6, ಅವರದು 17ರ ಸ್ವಲ್ಪ ಮೇಲೆ.

ಎರಾಟೋಸ್ತನೀಸ್ ಕತೆ ನಿಮಗೆ ಗೊತ್ತಿರಬಹುದು. ಕ್ರಿ.ಪೂ. 240ರ ಸುಮಾರಿಗೆ ಅಲೆಕ್ಸಾಂಡ್ರಿಯಾದ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವನು. ದಕ್ಷಿಣದ ಸಿಯೀನಿನಲ್ಲಿ ವರ್ಷದ ಅತಿ ಉದ್ದದ ಹಗಲಿನ ದಿನ ನಡು ಮಧ್ಯಾಹ್ನ ನೆರಳೇ ಬೀಳುವುದಿಲ್ಲ, ಅದೇ ದಿನ ತನ್ನೂರಿನಲ್ಲಿ ಸೂರ್ಯ ನೆತ್ತಿಯಿಂದ 7.2 ಡಿಗ್ರಿ ಓರೆ. ಅಷ್ಟೇ ಸಾಕಾಯಿತು ಅವನಿಗೆ. 7.2 ಅಂದರೆ ವೃತ್ತದ 50ರಲ್ಲಿ ಒಂದು ಪಾಲು. ಊರುಗಳ ನಡುವೆ 5,000 ಸ್ಟೇಡಿಯಾ (ಆ ಕಾಲದ ದೂರದ ಅಳತೆ), ಹಾಗಾದರೆ ಭೂಮಿಯ ಸುತ್ತು 2,50,000 ಸ್ಟೇಡಿಯಾ.

ನಮ್ಮ ಮಕ್ಕಳೂ ಇದನ್ನೇ ಮಾಡಲಿ. ಎರಡು ಶಾಲೆಯಲ್ಲೂ ಒಂದೇ ದಿನ ಒಂದು ಮೀಟರ್ ಕೋಲು ನಿಲ್ಲಿಸಿ ನಡು ಮಧ್ಯಾಹ್ನದ ನೆರಳು ಅಳೆಯುವುದು. ಜತ್ತದ ಅಂಕಿ ಬಾರದೆ ನಮ್ಮ ಮಕ್ಕಳ ಲೆಕ್ಕ ಮುಗಿಯಬಾರದು, ನಮ್ಮದು ಹೋಗದೆ ಅವರದು ಮುಗಿಯಬಾರದು. ಆಮೇಲೆ ಅದನ್ನೇ ವಿಡಿಯೋ ಪಾಠ ಮಾಡಿ ಎರಡೂ ಕಡೆಯ ಉಳಿದ ಶಾಲೆಗಳಿಗೆ ಕೊಡುವುದು.

ಯಾವ ದಿನ ಒಳ್ಳೆಯದು, ಲೈವ್ ಮಾಡುವುದಾ ರೆಕಾರ್ಡ್ ಮಾಡುವುದಾ, ಒಂಬತ್ತನೆಯವರಿಗೆ ಟ್ರಿಗನಾಮೆಟ್ರಿ ಇಲ್ಲದೆ ಕೋನ ತೆಗೆಯುವುದು ಹೇಗೆ, ಎಲ್ಲದಕ್ಕೂ ಸಲಹೆ ಬೇಕು. ಮಾಡಿ ಅನುಭವ ಇರುವವರು ದಯವಿಟ್ಟು ಬರೆಯಿರಿ.

ಜತ್ತದ ಗಡಿಯಿಂದ
ಜನವರಿ 8, ರಾತ್ರಿ 10:05

ಟೀಚರ್ ಹೇಳಿದ ಆ ಸರ್ ನಾನೇರಿ. ದಿನದ ಬಗ್ಗೆ ನನ್ನ ಲೆಕ್ಕ ಹೇಳ್ತೀನಿ. ಹಗಲು ರಾತ್ರಿ ಸಮ ಇರುವ ದಿನ ಪಾಠಕ್ಕೆ ಚೆಂದ, ಯಾಕಂದರೆ ಆವತ್ತು ಸೂರ್ಯನ ಓರೆಯೇ ಆ ಊರಿನ ಅಕ್ಷಾಂಶ. ಒಂದು ಮೀಟರ್ ಕೋಲಿನ ನೆರಳು ಕುಂಬಳೆಯಲ್ಲಿ 22 ಸೆಂ.ಮೀ. ದಾಟುವುದು, ನಮ್ಮಲ್ಲಿ 30 ದಾಟುವುದು. ಆದರೆ ಸೆಪ್ಟೆಂಬರಿನಲ್ಲಿ ಟೀಚರ್ ಊರಲ್ಲಿ ಮೋಡ ಬಿಡುವುದಿಲ್ಲ. ನಮ್ಮಲ್ಲಿ ಮಳೆ ಬಾ ಅಂದರೂ ಬರೋದಿಲ್ಲ, ಅದು ಬೇರೆ ದುಃಖ. ಮಾರ್ಚಿನಲ್ಲಿ ಕೇರಳದವರಿಗೆ ಎಸ್‌ಎಸ್‌ಎಲ್‌ಸಿ ಗಡಿಬಿಡಿ. ಹಗಲು ಅತಿ ಗಿಡ್ಡ ಇರುವ ಡಿಸೆಂಬರ್ 22 ಅವರ ಕ್ರಿಸ್‌ಮಸ್ ರಜೆಗೆ ತಾಗುತ್ತದೆ. ಶನಿವಾರ ನಮ್ಮದು ಮುಂಜಾನೆ ಶಾಲೆ, ಅವರಿಗೆ ರಜೆ.

ಹಿಂಗ ಕಳೀತಾ ಹೋದರೆ ಉಳಿಯೋದು ಜನವರಿ ಕೊನೆ ವಾರ. ಗಣರಾಜ್ಯೋತ್ಸವ ಮುಗಿದ ಮೇಲೆ, 28ಕ್ಕೆ ಇಟ್ಟುಕೊಂಡರೆ ಹೆಂಗ್ರಿ?

ಮುಳ್ಳೇರಿಯ ಮಾಸ್ಟ್ರು
ಜನವರಿ 9, ಬೆಳಿಗ್ಗೆ 6:40

ನಿವೃತ್ತ ಗಣಿತದವ ನಾನು. ಯೋಚನೆ ಚೆನ್ನಾಗಿದೆ ಟೀಚರ್. ಮೂರು ತಕರಾರು ಇವೆ.

ಒಂದು, ಗಡಿಯಾರದ 12 ಗಂಟೆಗೆ ಅಳೆಯಬೇಡಿ. ನಮ್ಮ ದೇಶದ ಗಡಿಯಾರ ನಿಂತಿರುವುದು 82.5 ಡಿಗ್ರಿ ರೇಖಾಂಶದ ಮೇಲೆ. ನಾವು 75ರಲ್ಲಿ. ಡಿಗ್ರಿಗೆ 4 ನಿಮಿಷದಂತೆ 30 ನಿಮಿಷ ಅಲ್ಲೇ ತಡ. ಜನವರಿ ಕೊನೆಗೆ ಸೂರ್ಯ ಗಡಿಯಾರಕ್ಕಿಂತ ಇನ್ನೂ 13 ನಿಮಿಷ ಹಿಂದೆ ಇರುತ್ತಾನೆ. ಹಾಗಾಗಿ 28ರಂದು ಕುಂಬಳೆಯ ನಿಜವಾದ ನಡು ಮಧ್ಯಾಹ್ನ 12:43ಕ್ಕೆ. 12ಕ್ಕೆ ಅಳೆದರೆ ಕೋನದಲ್ಲಿ ಒಂದೂವರೆ ಡಿಗ್ರಿಗೂ ಜಾಸ್ತಿ ವ್ಯತ್ಯಾಸ. 12:43ರ ಹತ್ತು ನಿಮಿಷ ಹಿಂದೆ ಮುಂದೆ ಆದರೆ ಚಿಂತೆ ಇಲ್ಲ, ಕೆಡುವುದು 0.1 ಡಿಗ್ರಿ ಅಷ್ಟೇ. ಮಕ್ಕಳಿಗೆ ಸಮಯ ಹೇಳಿಕೊಡಬೇಡಿ. 12:20ರಿಂದ ಐದೈದು ನಿಮಿಷಕ್ಕೆ ಗುರುತು ಹಾಕಲಿ, ಅತಿ ಗಿಡ್ಡ ನೆರಳು ಯಾವುದು ಅಂತ ಅವರೇ ಕಂಡುಕೊಳ್ಳಲಿ.

ಎರಡು, ಕೋನಮಾಪಕ. ನಿಮಗೆ ಬೇಕಾದ ಉತ್ತರವೇ ನಾಲ್ಕೂವರೆ ಡಿಗ್ರಿ ಒಳಗೆ. ಕಂಪಾಸ್ ಪೆಟ್ಟಿಗೆಯ ಕೋನಮಾಪಕದಲ್ಲಿ ಅರ್ಧ ಡಿಗ್ರಿ ಆಚೆ ಈಚೆ ಆಗಿಯೇ ಆಗುತ್ತದೆ. ಅಳತೆ ಪಟ್ಟಿಯಲ್ಲೂ ಹಾಗೇ. ನೆರಳಿನಲ್ಲಿ 1 ಸೆಂ.ಮೀ. ತಪ್ಪಿದರೆ ಕೋನ 0.4 ಡಿಗ್ರಿ ತಪ್ಪುತ್ತದೆ, ಭೂಮಿಯ ಸುತ್ತಳತೆಯಲ್ಲಿ ಅದು ಹತ್ತಿರ ಹತ್ತಿರ 4,000 ಕಿ.ಮೀ. ತ್ರಿಕೋನವನ್ನು ಜಿಯೋಜೀಬ್ರಾ ಅನ್ನುವ ಗಣಿತದ ಸಾಫ್ಟ್‌ವೇರಿನಲ್ಲಿ ಬಿಡಿಸಲಿ. ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಅದು ಇದ್ದೇ ಇದೆ. ಎರಡು ಬದಿ ಕೊಟ್ಟರೆ ಕೋನ ಅದೇ ತೋರಿಸುತ್ತದೆ.

ಮೂರನೆಯದು ದೊಡ್ಡದು. ಕುಂಬಳೆಗೂ ಜತ್ತಕ್ಕೂ ಎಷ್ಟು ದೂರ ಅಂತ ಯಾರನ್ನು ಕೇಳುತ್ತೀರಿ? ಡಿಗ್ರಿಗೆ 111 ಕಿ.ಮೀ. ಅಂತ ಅಕ್ಷಾಂಶದ ವ್ಯತ್ಯಾಸವನ್ನು 111ರಿಂದ ಗುಣಿಸಿದರೆ ಅದು ಲೆಕ್ಕವಲ್ಲ. ಆ 111 ಬಂದದ್ದೇ ಭೂಮಿಯ ಸುತ್ತಳತೆಯಿಂದ. ಫೋನಿನ ಮ್ಯಾಪ್‌ನಲ್ಲಿ ದೂರ ಅಳೆದರೂ ಅಷ್ಟೇ, ಅದರ ಹೊಟ್ಟೆಯೊಳಗೆ ಭೂಮಿಯ ತ್ರಿಜ್ಯ ಕೂತಿದೆ. ಉತ್ತರ ಇಟ್ಟುಕೊಂಡು ಉತ್ತರ ಹುಡುಕಿದ ಹಾಗಾಗುತ್ತದೆ.

ಕುಂಬಳೆ ಟೀಚರ್
ಜನವರಿ 9, ರಾತ್ರಿ 8:15

ಮಾಸ್ಟ್ರೇ, ಮೂರನೆಯದಕ್ಕೆ ದಾರಿಯನ್ನೂ ನೀವೇ ಹೇಳಬೇಕು. ರಸ್ತೆಯ ಕಿಲೋಮೀಟರ್ ಹಿಡಿಯೋಣ ಅಂದರೆ ಘಾಟಿ ಹತ್ತಿ ಸುತ್ತಿ ಬಳಸಿ ಹೋಗುತ್ತದೆ.

ಮುಳ್ಳೇರಿಯ ಮಾಸ್ಟ್ರು
ಜನವರಿ 10, ಬೆಳಿಗ್ಗೆ 6:30

ಗೋಡೆಯ ಮೇಲೆ ತೂಗುಹಾಕುವ ಅಚ್ಚಾದ ನಕ್ಷೆ ಇದೆಯಲ್ಲ, ಕೆಳಗೆ ಅಳತೆಪಟ್ಟಿ ಇರುವಂಥದ್ದು. ಸ್ಕೇಲಿಟ್ಟು ಅಳೆಯಿರಿ. ನಕ್ಷೆ ಬಿಡಿಸುವವರೂ ಭೂಮಿಯ ಆಕಾರ ಬಳಸುತ್ತಾರೆ ಅಂತ ನೀವು ವಾದಿಸಬಹುದು. ನಿಜ. ಆದರೆ ಆ ನಕ್ಷೆಗಳ ಹಿಂದೆ ನೆಲದ ಮೇಲೆ ಸರಪಳಿ ಎಳೆದು ಅಳೆದ ಕೆಲಸ ಇದೆ. ಬ್ರಿಟಿಷ್ ಸರ್ವೇಯರ್ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನಲ್ಲಿ, 1802ರಲ್ಲಿ ಮದ್ರಾಸಿನಲ್ಲಿ ಆಧಾರರೇಖೆ ಅಳೆದ. ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟಿಕೊಂಡು ಹೋದರು. ಅವನು ಅಳೆಯಲು ಹೊರಟ ವಿಷಯಗಳಲ್ಲಿ ಭೂಮಿಯ ಆಕಾರವೂ ಒಂದು. ಇದನ್ನು ಪಾಠದಲ್ಲಿ ಎರಡು ನಿಮಿಷ ಹೇಳಿ. ಎರಾಟೋಸ್ತನೀಸ್ ಒಬ್ಬನೇ ಕೋಲು ಹಿಡಿದು ಎಲ್ಲ ಮಾಡಿದ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. 5,000 ಸ್ಟೇಡಿಯಾ ನಡೆದು ಅಳೆದವರು ಬೇರೆ ಯಾರೋ. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಬದಿಯಡ್ಕ ಐಟಿ
ಜನವರಿ 10, ಸಂಜೆ 5:50

ತಾಂತ್ರಿಕ ವಿಷಯ ನನ್ನ ಪಾಲಿಗೆ ಬಿಡಿ.

ಮೊದಲನೆಯದಾಗಿ ಫಾಂಟ್. ಇಬ್ಬರು ಬೇರೆ ಬೇರೆ ರಾಜ್ಯದಲ್ಲಿ ಕೂತು ಒಂದೇ ಕನ್ನಡ ಕಡತ ತಿದ್ದುವಾಗ ಜಗಳ ಹುಟ್ಟುವುದೇ ಇಲ್ಲಿ. ನಮ್ಮ ಶಾಲೆಗಳಲ್ಲಿ ಲಿನಕ್ಸ್, ಇನ್‌ಸ್ಕ್ರಿಪ್ಟ್ ಕೀಲಿಮಣೆ. ಆಚೆಯವರು ವಿಂಡೋಸಿನಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದರೆ ನಮ್ಮಲ್ಲಿ ಬರೀ ಗೀಚು ಕಾಣುತ್ತದೆ. ಹಳೆಯ ಪ್ರಶ್ನೆಪತ್ರಿಕೆ, ನೋಟ್ಸ್ ಏನಿದ್ದರೂ ಮೊದಲು ಯೂನಿಕೋಡಿಗೆ ಬದಲಾಯಿಸಿ, ಆಮೇಲೆ ಹಂಚಿಕೊಳ್ಳಿ. ಫಾಂಟ್ ನೋಟೋ ಸಾನ್ಸ್ ಕನ್ನಡ ಅಂತ ಇಬ್ಬರೂ ಒಪ್ಪಿಕೊಂಡುಬಿಡಿ.

ಸ್ಲೈಡನ್ನು ವಾಟ್ಸಾಪಿನಲ್ಲಿ ಕಳಿಸಿ ಕಳಿಸಿ ತಿದ್ದಬೇಡಿ. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಇದೇ’ ಅಂತ ರಾಶಿ ಬೀಳುತ್ತದೆ. ಗೂಗಲ್ ಸ್ಲೈಡ್ಸಿನಲ್ಲಿ ಒಂದೇ ಕಡತ ಇಡಿ. ಒಬ್ಬರ ಸ್ಲೈಡನ್ನು ಇನ್ನೊಬ್ಬರು ನೇರ ತಿದ್ದಬಾರದು, ಪಕ್ಕದಲ್ಲಿ ಟಿಪ್ಪಣಿ ಹಾಕಬೇಕು. ಈ ಒಂದು ನಿಯಮ ಇಟ್ಟುಕೊಂಡರೆ ಸ್ನೇಹ ಉಳಿಯುತ್ತದೆ.

ವಿಡಿಯೋ ಜೋಡಿಸಲು ಕೆಡೆನ್‌ಲೈವ್ ಸಾಕು. ಅದರೊಳಗೆ ಕನ್ನಡ ಟೈಪ್ ಮಾಡಿದರೆ ಕೆಲವು ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆಯುತ್ತದೆ, ಹಾಗಾಗಿ ಬರಹವನ್ನೆಲ್ಲ ಸ್ಲೈಡಿನಿಂದ ಚಿತ್ರವಾಗಿ ತೆಗೆದು ಹಾಕಿ. ಧ್ವನಿಗೆ ಇಯರ್‌ಫೋನಿನ ಮೈಕ್ ಆಗುತ್ತದೆ, ಕೋಣೆ ಮುಖ್ಯ. ಲೈಬ್ರರಿಯಲ್ಲಿ ಪುಸ್ತಕದ ಕಪಾಟುಗಳ ನಡುವೆ ಕೂತು ಮಾತಾಡಿ, ಪ್ರತಿಧ್ವನಿ ಕಡಿಮೆ. ಮಕ್ಕಳ ಮುಖ ಬರುವುದಾದರೆ ಮನೆಯವರ ಒಪ್ಪಿಗೆ ಬರಹದಲ್ಲಿ ತೆಗೆದುಕೊಳ್ಳಿ. ಇಲ್ಲವಾದರೆ ಕೈ, ಕೋಲು, ನೆರಳು ಮಾತ್ರ ಚಿತ್ರೀಕರಿಸಿ. ನನಗೆ ಅದೇ ಇಷ್ಟ.

ಅಕ್ಕಲಕೋಟೆ ಕನ್ನಡತಿ
ಜನವರಿ 10, ರಾತ್ರಿ 9:30

ಲೈವ್ ಬೇಡ ಮೇಡಮ್. ನಾನೂ ಬೇರೆ ಶಾಲೆಯ ಜೊತೆ ಗೂಗಲ್ ಮೀಟ್‌ನಲ್ಲಿ ಕ್ಲಾಸ್ ಮಾಡಿ ನೋಡಿದ್ದೇನೆ. ‘ಕೇಳಿಸ್ತಾ ಇದೆಯಾ, ಕೇಳಿಸ್ತಾ ಇದೆಯಾ’ ಅನ್ನುವುದರಲ್ಲೇ ಅರ್ಧ ಪೀರಿಯಡ್ ಹೋಗುತ್ತದೆ. ಎರಡು ತರಗತಿಯ ಮಕ್ಕಳು ಒಟ್ಟಿಗೆ ಕೂಗಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಚೆನ್ನಾಗಿ ರೆಕಾರ್ಡ್ ಮಾಡಿ ಹಾಕಿ.

ಜತ್ತದ ಗಡಿಯಿಂದ
ಜನವರಿ 10, ರಾತ್ರಿ 9:55

ಅಕ್ಕ, ನೀವು ಹೇಳೋದು ಖರೇ. ಆದರೆ ರೆಕಾರ್ಡ್ ಮಾಡಿದ್ದರಲ್ಲಿ ಉತ್ತರ ಮೊದಲೇ ಇರ್ತದಲ್ರಿ. ಕುಂಬಳೆ ನೆರಳು ಎಷ್ಟು ಬಂತು ಅಂತ ನಮ್ಮ ಹುಡುಗರು ಕಾಯಬೇಕು. ಆ ಕಾಯುವುದರಲ್ಲೇ ಪಾಠ ಐತಿ.

ಕುಂಬಳೆ ಟೀಚರ್
ಜನವರಿ 11, ಮಧ್ಯಾಹ್ನ 3:10

ಇಬ್ಬರ ಮಾತಿಗೂ ಒಂದು ಮಧ್ಯದ ದಾರಿ ಸಿಕ್ಕಿದೆ. ಮಾತು ಲೈವ್ ಬೇಡ, ಅಂಕಿ ಮಾತ್ರ ಲೈವ್ ಇರಲಿ. ಗೂಗಲ್ ಶೀಟಿನಲ್ಲಿ ಎರಡು ಕಾಲಮ್. ಐದು ನಿಮಿಷಕ್ಕೊಮ್ಮೆ ಎರಡೂ ಶಾಲೆಯ ಒಂದೊಂದು ಮಗು ಫೋನಿನಲ್ಲಿ ನೆರಳಿನ ಉದ್ದ ತುಂಬುವುದು. ಅದಕ್ಕೆ ದುರ್ಬಲ ನೆಟ್‌ವರ್ಕ್ ಸಾಕು. ಪಕ್ಕದ ಹೈಟೆಕ್ ಕ್ಲಾಸ್‌ರೂಮಿನ ಪ್ರೊಜೆಕ್ಟರಿನಲ್ಲಿ ಶೀಟ್ ಕಾಣುತ್ತಾ ಇರುತ್ತದೆ. ಕೊನೆಗೆ ಹತ್ತು ನಿಮಿಷ ಮೀಟ್, ಎರಡು ಕಡೆಯಿಂದಲೂ ಒಬ್ಬೊಬ್ಬರೇ ಮಾತಾಡುವುದು.

ವಿವರಣೆಯ ಭಾಗ ಮೊದಲೇ ರೆಕಾರ್ಡ್ ಮಾಡುತ್ತೇವೆ. ಅದರಲ್ಲಿ ಒಂದು ಅದಲು ಬದಲು ಮಾಡಿದ್ದೇವೆ: ನಮ್ಮ ಮಕ್ಕಳಿಗೆ ಸರ್ ಹೇಳುತ್ತಾರೆ, ಅವರ ಮಕ್ಕಳಿಗೆ ನಾನು. ನನ್ನ ಧ್ವನಿ ನಮ್ಮ ಮಕ್ಕಳು ದಿನಾ ಕೇಳುತ್ತಾರೆ. ಜತ್ತದ ಕನ್ನಡ ಕೇಳಿದರೆ ಕಿವಿ ನೆಟ್ಟಗಾದೀತು. ನಮ್ಮ ತರಗತಿಯಲ್ಲಿ ಮನೆಯಲ್ಲಿ ತುಳು ಮಾತಾಡುವವರು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವವರು ಎಲ್ಲ ಇದ್ದಾರೆ. ಹೊಸ ಬಗೆಯ ಕನ್ನಡಕ್ಕೆ ಹೆದರುವವರಲ್ಲ.

12:43 ಅಂದರೆ ನಮ್ಮಲ್ಲಿ ಊಟದ ಬೆಲ್ಲಿನ ಹೊತ್ತು. ಹೆಡ್‌ಮಾಸ್ಟ್ರ ಹತ್ತಿರ ಮಾತಾಡಿ ಆ ತರಗತಿಗೆ ಮಾತ್ರ ಊಟ ಅರ್ಧ ಗಂಟೆ ತಡ ಮಾಡಿಸಿದ್ದೇನೆ. ಇಡೀ ಯೋಜನೆಯಲ್ಲಿ ಅತಿ ಕಷ್ಟದ ಕೆಲಸ ಅದೇ.

ಪೈವಳಿಕೆ ಅಪ್ಪ
ಜನವರಿ 12, ರಾತ್ರಿ 8:40

ಬೇಸರ ಮಾಡಬೇಡಿ ಟೀಚರ್. ನನ್ನ ಮಗಳೂ ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ಕ್ಲಾಸ್. ಬೇರೆ ಶಾಲೆ. ಪೋರ್ಶನ್ ಮುಗಿಯದೆ ಮಕ್ಕಳು ಒದ್ದಾಡುತ್ತಿದ್ದಾರೆ. ಕೋಲು ನಿಲ್ಲಿಸಿ ನೆರಳು ಅಳೆದರೆ ಪರೀಕ್ಷೆಯಲ್ಲಿ ಎಷ್ಟು ಮಾರ್ಕು ಬರುತ್ತದೆ? ಕನ್ನಡ ಮಾಧ್ಯಮ ಬಿಡಿಸಿ ಅಂತ ನೆಂಟರೆಲ್ಲ ಹೇಳುವಾಗ ನಮಗೆ ಬೇಕಾಗಿರುವುದು ಮಾರ್ಕಿನ ಧೈರ್ಯ.

ಕುಂಬಳೆ ಟೀಚರ್
ಜನವರಿ 12, ರಾತ್ರಿ 9:25

ಬೇಸರ ಏನಿಲ್ಲ. ನೇರ ಮಾರ್ಕು ಬಹುಶಃ ಬರುವುದಿಲ್ಲ. ಅಳತೆಯ ದೋಷ, ಬೆಳಕು ನೇರ ಹೋಗುವುದು, ತ್ರಿಕೋನ, ಅಕ್ಷಾಂಶ ರೇಖಾಂಶ, ಇವೆಲ್ಲ ಪೋರ್ಶನ್ನಿನಲ್ಲಿ ಬೇರೆ ಬೇರೆ ಪುಸ್ತಕದಲ್ಲಿ ಚದುರಿಕೊಂಡು ಇವೆ. ಒಂದು ಮಧ್ಯಾಹ್ನದಲ್ಲಿ ಅಷ್ಟನ್ನೂ ಮುಟ್ಟುತ್ತೇವೆ. 2019 ಡಿಸೆಂಬರ್ 26ರ ಕಂಕಣ ಗ್ರಹಣ ನೆನಪಿದೆಯಾ? ಚೆರುವತ್ತೂರಿನಲ್ಲಿ ಎಷ್ಟು ಜನ ಸೇರಿದ್ದರು! ಅದಾದ ವಾರವಿಡೀ ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡುವುದರಲ್ಲಿ ನಮಗೆ ಬೆಳಕಿನ ಪಾಠ ಅರ್ಧ ಮುಗಿದಿತ್ತು. ವಿಡಿಯೋ ಆದ ಮೇಲೆ ನಿಮ್ಮ ಮಗಳಿಗೂ ಕಳಿಸುತ್ತೇನೆ, ಅವಳು ಏನು ಹೇಳುತ್ತಾಳೆ ನೋಡೋಣ.

ಉಪ್ಪಳ ಸೈಟ್‌ನವ
ಜನವರಿ 13, ರಾತ್ರಿ 7:00

ನಾನು ಟೀಚರ್ ಅಲ್ಲ, ಮನೆ ಕಟ್ಟಿಸುವ ಕೆಲಸ. ಸುಮ್ನೆ ಓದುತ್ತಾ ಇದ್ದೆ. ಕೋಲು ನೆಟ್ಟಗೆ ಇದೆ ಅಂತ ಕಣ್ಣಳತೆಯಲ್ಲಿ ನಂಬಬೇಡಿ. ಒಂದು ಮೀಟರಿಗೆ ಒಂದು ಸೆಂ.ಮೀ. ವಾಲಿದರೂ ಕಣ್ಣಿಗೆ ಗೊತ್ತಾಗುವುದಿಲ್ಲ, ಮಾಸ್ಟ್ರು ಹೇಳಿದ 4,000 ಕಿ.ಮೀ. ಅಲ್ಲೇ ಹೋಯಿತು. ಮೇಸ್ತ್ರಿಗಳ ತೂಗುಗುಂಡು ಎರಡು ಕಡೆಯಿಂದ ಹಿಡಿದು ನೋಡಿ. ನೆಲಕ್ಕೆ ರಸಮಟ್ಟ ಇಡಿ. ಶಾಲೆಯ ಅಂಗಳ ನೀರು ಹರಿದುಹೋಗಲಿ ಅಂತ ಯಾವಾಗಲೂ ಓರೆ ಇರುತ್ತದೆ. ಒಂದು ಪ್ಲೈವುಡ್ ಹಲಗೆ ಹಾಕಿ, ಅಡಿಗೆ ಚೂರು ಕಲ್ಲು ಕೊಟ್ಟು ಮಟ್ಟ ಮಾಡಿ, ಅದರ ಮೇಲೆ ಕೋಲು ನಿಲ್ಲಿಸಿ. ಕೋಲಿಗೆ ಪಿವಿಸಿ ಪೈಪ್ ಒಳ್ಳೆಯದು, ಬಗ್ಗಿರುವುದಿಲ್ಲ.

ಜತ್ತದ ಗಡಿಯಿಂದ
ಜನವರಿ 13, ರಾತ್ರಿ 8:20

ಅಣ್ಣ, ನೂರಕ್ಕೆ ನೂರು ಉಪಯೋಗದ ಮಾತು. ನಮ್ಮ ಪಾಠದಲ್ಲಿ ಈ ಭಾಗ ಇರಲೇ ಇಲ್ಲ, ಈಗ ಸೇರಿಸಿದ್ದೇವೆ. ಒಬ್ಬ ಹುಡುಗನ ಅಪ್ಪ ಗೌಂಡಿ. ತೂಗುಗುಂಡು ಅವನೇ ತರ್ತಾನಂತೆ.

ತಾಳವಾಡಿ ಬೆಟ್ಟದವನು
ಜನವರಿ 14, ಬೆಳಿಗ್ಗೆ 11:15

ಈರೋಡ್ ಜಿಲ್ಲೆಯ ತಾಳವಾಡಿಯಿಂದ. ನಾವೂ ಸೇರಬಹುದಾ? ಆದರೆ ನಮ್ಮ ಊರು 77 ಡಿಗ್ರಿಯಲ್ಲಿದೆ, ನಿಮ್ಮ ಗೆರೆಯ ಮೇಲಿಲ್ಲ. ಬೆಟ್ಟದ ಮೇಲೆ ಬೇರೆ.

ಮುಳ್ಳೇರಿಯ ಮಾಸ್ಟ್ರು
ಜನವರಿ 14, ಸಂಜೆ 4:30

ಧಾರಾಳವಾಗಿ ಸೇರಿ. ಬೆಟ್ಟದ ಎತ್ತರ ಈ ಲೆಕ್ಕಕ್ಕೆ ಏನೂ ಅಲ್ಲ. ಒಂದೇ ಗೆರೆಯಲ್ಲಿ ಇರಬೇಕಾಗಿಯೂ ಇಲ್ಲ. ನಿಮ್ಮ ನಡು ಮಧ್ಯಾಹ್ನ ನಮಗಿಂತ 8 ನಿಮಿಷ ಮೊದಲು, 12:35ಕ್ಕೆ. ಅದು ನಿಮ್ಮ ಗಿಡ್ಡ ನೆರಳೇ ಹೇಳುತ್ತದೆ. ಎಚ್ಚರ ಬೇಕಾದದ್ದು ದೂರದಲ್ಲಿ. ಜತ್ತದಿಂದ ತಾಳವಾಡಿಗೆ ನೇರ ಗೆರೆ ಎಳೆದರೆ 615 ಕಿ.ಮೀ. ಹತ್ತಿರ ಬರುತ್ತದೆ. ನಮಗೆ ಬೇಕಾದದ್ದು ಉತ್ತರ ದಕ್ಷಿಣದ ದೂರ ಮಾತ್ರ, ಅದು ಸುಮಾರು 585. ಓರೆ ಗೆರೆ ಹಿಡಿದರೆ ಶೇಕಡ 5ರಷ್ಟು ಹೆಚ್ಚು ಬಂದುಬಿಡುತ್ತದೆ. ಅಲೆಕ್ಸಾಂಡ್ರಿಯಾ, ಸಿಯೀನ್ ಕೂಡ ಒಂದೇ ಗೆರೆಯಲ್ಲಿ ಇಲ್ಲ, ಸುಮಾರು 3 ಡಿಗ್ರಿ ಆಚೆ ಈಚೆ.

ತಾಳವಾಡಿ ಬೆಟ್ಟದವನು
ಜನವರಿ 27, ರಾತ್ರಿ 9:00

ನಾಳೆ ನಮ್ಮಲ್ಲಿ ಬೇರೆ ಕಾರ್ಯಕ್ರಮ ಬಂತು. ಈ ಸಲ ಆಗುವುದಿಲ್ಲ, ಕ್ಷಮಿಸಿ. ಮುಂದಿನ ಸಲ ಖಂಡಿತ. ನಿಮಗೆ ಒಳ್ಳೆಯ ಬಿಸಿಲು ಸಿಗಲಿ.

ಜತ್ತದ ಗಡಿಯಿಂದ
ಜನವರಿ 28, ಮಧ್ಯಾಹ್ನ 2:05

ಆಯ್ತು! ಇಲ್ಲಿ ಬಿಸಿಲಿಗೇನು ಕೊರತೆ. ಅತಿ ಗಿಡ್ಡ ನೆರಳು 70.6 ಸೆಂ.ಮೀ. ಹುಡುಗರು ಊಟಕ್ಕೂ ಹೋಗಲಿಲ್ಲ. ಕುಂಬಳೆ ಕಾಲಮ್ಮಿನಲ್ಲಿ ಒಮ್ಮೆ ಅಂಕಿ ಬರುವುದು ತಡ ಆತು. ‘ಅಲ್ಲಿ ಮೋಡ ಬಂದಿರಬೇಕು’ ಅಂತ ಒಬ್ಬ, ‘ಇಲ್ಲ, ಅವರು ಊಟಕ್ಕೆ ಹೋದರು’ ಅಂತ ಇನ್ನೊಬ್ಬ. ಟೀಚರ್, ನಿಮ್ಮ ಕಡೆ ವರದಿ ಬರೀರಿ.

ಕುಂಬಳೆ ಟೀಚರ್
ಜನವರಿ 28, ರಾತ್ರಿ 9:10

ಮೋಡವೂ ಅಲ್ಲ, ಊಟವೂ ಅಲ್ಲ ಸರ್. ನೆರಳಿನ ತುದಿ ಯಾವುದು ಅಂತ ಇಲ್ಲಿ ಜೋರು ಜಗಳ ನಡೆಯುತ್ತಿತ್ತು!

ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದೆ ಮಾಡುವವರಿಗೆ ಬೇಕಾಗುತ್ತದೆ. ಒಂದು ಮೀಟರ್ ಕೋಲಿನ ನೆರಳಿನ ತುದಿ ಕತ್ತರಿಸಿದ ಹಾಗೆ ಇರುವುದಿಲ್ಲ. ಸೂರ್ಯ ಒಂದು ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲ. ಹಾಗಾಗಿ ಗಾಢ ನೆರಳು ಮುಗಿದ ಮೇಲೆ ಒಂದು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಮಸುಕು. ನಮ್ಮ ಹುಡುಗಿಯರ ಗುಂಪು ಗಾಢ ನೆರಳಿನ ತುದಿ ಹಿಡಿಯಬೇಕು ಅಂತ, ಹುಡುಗರ ಗುಂಪು ಮಸುಕು ಮುಗಿಯುವ ಜಾಗ ಹಿಡಿಯಬೇಕು ಅಂತ. ನಾನು ಉತ್ತರ ಹೇಳಲಿಲ್ಲ. ಜತ್ತದವರು ಯಾವುದು ಹಿಡಿದಿದ್ದಾರೆ ಅಂತ ಕೇಳಿ ಅಂದೆ. ಒಬ್ಬಳು ಶೀಟಿನಲ್ಲೇ ಪ್ರಶ್ನೆ ಬರೆದಳು. ‘ಗಾಢ’ ಅಂತ ಉತ್ತರ ಬಂತು. ಜಗಳ ಮುಗಿಯಿತು. ಎರಡೂ ಕಡೆ ಒಂದೇ ರೀತಿ ಅಳೆದರೆ ಸಾಕು, ಕೋನಗಳನ್ನು ಕಳೆಯುವಾಗ ಆ ದೋಷ ಹೆಚ್ಚಿನ ಪಾಲು ಹೊರಟುಹೋಗುತ್ತದೆ. ಇದನ್ನು ನಾನು ಸ್ಲೈಡಿನಲ್ಲಿ ಬರೆದಿರಲಿಲ್ಲ. ಬರೆದಿದ್ದರೂ ಯಾರೂ ಓದುತ್ತಿರಲಿಲ್ಲ.

ನಮ್ಮ ಅತಿ ಗಿಡ್ಡ ನೆರಳು 60 ಸೆಂ.ಮೀ. ಜಿಯೋಜೀಬ್ರಾ ಕೊಟ್ಟ ಕೋನ ನಮಗೆ 30.96, ಜತ್ತಕ್ಕೆ 35.22. ವ್ಯತ್ಯಾಸ 4.26 ಡಿಗ್ರಿ. ಗೋಡೆಯ ನಕ್ಷೆಯಲ್ಲಿ ಸ್ಕೇಲಿಟ್ಟು ತೆಗೆದ ದೂರ 490 ಕಿ.ಮೀ. 360ನ್ನು 4.26ರಿಂದ ಭಾಗಿಸಿ 490ರಿಂದ ಗುಣಿಸಿದರೆ ಭೂಮಿಯ ಸುತ್ತು ಸುಮಾರು 41,400 ಕಿ.ಮೀ. ಧ್ರುವಗಳ ಮೂಲಕ ಸುತ್ತಿದರೆ ನಿಜವಾದ ಅಳತೆ 40,008. ಒಂದು ಪಿವಿಸಿ ಪೈಪಿಗೆ ಇದು ಕೆಟ್ಟ ಉತ್ತರ ಅಲ್ಲ, ಅಲ್ವಾ?

ಕೊನೆಯ ಹತ್ತು ನಿಮಿಷದ ಮೀಟ್‌ನಲ್ಲಿ ಧ್ವನಿ ಎರಡು ಸಲ ಹೋಯಿತು. ಅಕ್ಕಲಕೋಟೆ ಅಕ್ಕ ಹೇಳಿದ ‘ಕೇಳಿಸ್ತಾ ಇದೆಯಾ’ ನಮಗೂ ತಪ್ಪಲಿಲ್ಲ. ಆದರೆ ಜತ್ತದ ಒಬ್ಬ ಹುಡುಗ ಕೇಳಿದ ಪ್ರಶ್ನೆ ಚೆನ್ನಾಗಿ ಕೇಳಿಸಿತು. ‘ಮೇಡಮ್, ಭೂಮಿ ಚಪ್ಪಟೆ ಇದ್ದು ಸೂರ್ಯ ಹತ್ತಿರ ಇದ್ದರೂ ನೆರಳು ಹಿಂಗೇ ಬರ್ತದಲ್ರಿ?’ ಸರ್ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮಾಸ್ಟ್ರೇ, ಈಗ ನೀವು ಬರಬೇಕು.

ಮುಳ್ಳೇರಿಯ ಮಾಸ್ಟ್ರು
ಜನವರಿ 29, ಬೆಳಿಗ್ಗೆ 6:15

ಆ ಹುಡುಗನಿಗೆ ನನ್ನ ಶಹಬ್ಬಾಸ್ ಹೇಳಿ. ಅವನು ಹೇಳಿದ್ದು ಪೂರ್ತಿ ಸರಿ. ಎರಡೇ ಊರಿನ ನೆರಳಿನಿಂದ ಭೂಮಿ ಉರುಟು ಅಂತ ತೋರಿಸಲು ಆಗುವುದಿಲ್ಲ. ಎರಾಟೋಸ್ತನೀಸ್ ಉರುಟು ಅಂತ ಮೊದಲೇ ಒಪ್ಪಿಕೊಂಡು, ಸೂರ್ಯ ತುಂಬಾ ದೂರ ಇರುವುದರಿಂದ ಕಿರಣಗಳು ಸಮಾನಾಂತರ ಅಂತಲೂ ಒಪ್ಪಿಕೊಂಡು ಅಳೆದದ್ದು. ನಿಮ್ಮ ಅಂಕಿಗಳನ್ನೇ ಚಪ್ಪಟೆ ಭೂಮಿಗೆ ಹಾಕಿ ನೋಡಿದೆ. ಸೂರ್ಯ ಸುಮಾರು 4,600 ಕಿ.ಮೀ. ಎತ್ತರದಲ್ಲಿ ಒಂದು ದೀಪ ತೂಗುಹಾಕಿದ ಹಾಗೆ ಇದ್ದರೆ 60 ಮತ್ತು 70.6 ಎರಡೂ ಕರಾರುವಾಕ್ಕಾಗಿ ಬರುತ್ತವೆ.

ಮೂರನೇ ಊರು ಬೇಕು. ಆದರೆ ತಾಳವಾಡಿ ಸಾಲದು. ಅಲ್ಲಿ ಎರಡು ಲೆಕ್ಕಕ್ಕೂ ನಡುವೆ ಬರುವ ವ್ಯತ್ಯಾಸ ಒಂದೆರಡು ಮಿಲಿಮೀಟರ್, ಮಸುಕಿನಲ್ಲೇ ಮುಳುಗಿ ಹೋಗುತ್ತದೆ. ದೂರದ ಊರು ಬೇಕು. ದಿಲ್ಲಿ ತೆಗೆದುಕೊಳ್ಳಿ, 28.6 ಡಿಗ್ರಿ. ನಿನ್ನೆ ದಿಲ್ಲಿಯಲ್ಲಿ ಅದೇ ಕೋಲು ನಿಲ್ಲಿಸಿದ್ದರೆ ಚಪ್ಪಟೆ ಲೆಕ್ಕಕ್ಕೆ ನೆರಳು 98ರಿಂದ 99 ಸೆಂ.ಮೀ. ಉರುಟು ಲೆಕ್ಕಕ್ಕೆ, ನಿಮ್ಮದೇ ಸುತ್ತಳತೆ ಹಿಡಿದರೆ 105, ನಕ್ಷೆಯ ಅಕ್ಷಾಂಶ ಹಿಡಿದರೆ 107. ಇಷ್ಟು ಅಂತರ ಇದ್ದರೆ ಯಾವ ಮಗುವಿಗೂ ಗೊತ್ತಾಗುತ್ತದೆ.

ದಿಲ್ಲಿಯಲ್ಲಿ ಅಡೂರಿನವ
ಜನವರಿ 29, ರಾತ್ರಿ 10:30

ನನ್ನ ಊರು ಅಡೂರು, ಇರುವುದು ದಿಲ್ಲಿಯಲ್ಲಿ. ಟೆರೇಸ್ ಇದೆ. ನಾಳೆಯೇ ಅಳೆದು ಕಳಿಸಲಾ?

ಮುಳ್ಳೇರಿಯ ಮಾಸ್ಟ್ರು
ಜನವರಿ 30, ಬೆಳಿಗ್ಗೆ 6:20

ಇವತ್ತಿನ ನೆರಳು 28ರ ನೆರಳಿಗೆ ಸೇರುವುದಿಲ್ಲ. ಈ ದಿನಗಳಲ್ಲಿ ಸೂರ್ಯ ದಿನಕ್ಕೆ ಕಾಲು ಡಿಗ್ರಿಯಂತೆ ಉತ್ತರಕ್ಕೆ ಬರುತ್ತಿದ್ದಾನೆ. ಮೂರು ಊರಿನಲ್ಲೂ ಒಂದೇ ದಿನ ಆಗಬೇಕು. ತಡ ಮಾಡಬೇಡಿ. ಸೂರ್ಯ ಮೇಲೇರಿದಷ್ಟೂ ಚಪ್ಪಟೆಗೂ ಉರುಟಿಗೂ ಅಂತರ ಕಡಿಮೆಯಾಗುತ್ತಾ ಹೋಗುತ್ತದೆ. ಫೆಬ್ರವರಿ 5ಕ್ಕೆ ಇನ್ನೂ 6 ಸೆಂ.ಮೀ. ಅಂತರ ಸಿಗುತ್ತದೆ. ದಿಲ್ಲಿಯ ನಡು ಮಧ್ಯಾಹ್ನ ಆವತ್ತು 12:35ರ ಹತ್ತಿರ, ಕುಂಬಳೆಯದು 12:44. ದಿಲ್ಲಿಯಲ್ಲಿ ಮಂಜು ಇದ್ದರೆ ಮರುದಿನ.

ಬದಿಯಡ್ಕ ಐಟಿ
ಜನವರಿ 30, ಸಂಜೆ 6:00

ಹಾಗಾದರೆ ವಿಡಿಯೋ ಈಗಲೇ ಮುಗಿಸಬೇಡಿ. ಹುಡುಗನ ಪ್ರಶ್ನೆಯ ತನಕ ಮೊದಲ ಭಾಗ ಮಾಡಿ, ಅಲ್ಲೇ ನಿಲ್ಲಿಸಿ. ಉತ್ತರ ಎರಡನೇ ಭಾಗಕ್ಕೆ. ಪ್ರಶ್ನೆಯ ಧ್ವನಿ ಮೀಟ್ ರೆಕಾರ್ಡಿನಲ್ಲಿ ಸ್ಪಷ್ಟ ಇದ್ದರೆ ಅದನ್ನೇ ಬಳಸಿ, ಪುನಃ ಹೇಳಿಸಬೇಡಿ.

ಪೈವಳಿಕೆ ಅಪ್ಪ
ಜನವರಿ 30, ರಾತ್ರಿ 8:15

ಮಗಳಿಗೆ ಈ ಚರ್ಚೆ ತೋರಿಸಿದೆ. 5ನೇ ತಾರೀಕು ಮನೆಯ ಅಂಗಳದಲ್ಲಿ ಅವಳೂ ಅಳೆಯುತ್ತಾಳಂತೆ. ಶಾಲೆ ಇದೆ ಅಂದರೆ ಊಟದ ಬೆಲ್ಲಿನಲ್ಲಿ ಶಾಲೆಯಲ್ಲೇ ಮಾಡುತ್ತಾಳಂತೆ. ಪೈಪ್ ಎಷ್ಟು ದಪ್ಪ ಬೇಕು ಟೀಚರ್?

ಕುಂಬಳೆ ಟೀಚರ್
ಜನವರಿ 30, ರಾತ್ರಿ 8:50

ಮುಕ್ಕಾಲು ಇಂಚು ಸಾಕು. ಹಲಗೆಯಿಂದ ಮೇಲಕ್ಕೆ ಸರಿಯಾಗಿ 100 ಸೆಂ.ಮೀ. ಇರಬೇಕು. ಗಾಢ ನೆರಳಿನ ತುದಿಗೆ ಗುರುತು, ಮಸುಕಿಗೆ ಅಲ್ಲ. ದಿಲ್ಲಿಯವರೂ ಇದನ್ನೇ ಹಿಡಿಯಿರಿ. ಶೀಟಿನಲ್ಲಿ ಇನ್ನೆರಡು ಕಾಲಮ್ ಸೇರಿಸಿದ್ದೇನೆ.

ಜತ್ತದ ಗಡಿಯಿಂದ
ಜನವರಿ 30, ರಾತ್ರಿ 9:05

ಮೂರು ಮಾಡ್ರಿ ಟೀಚರ್. ತಾಳವಾಡಿಯವರು ಈಗ ಫೋನ್ ಮಾಡಿದ್ದರು, 5ಕ್ಕೆ ಅವರಿಗೂ ಬಿಡುವು ಐತಂತೆ.